ಅಂಟು ಬಿಡಿಸದ ರೇಷ್ಮೆ

ದ್ರವ ಸ್ಫಟಿಕದ ಅಣುಗಳಿಗೆ ದಿಕ್ಕು ತೋರಿಸುವುದು ಗಾಜಿನ ಮೇಲಿನ ತೆಳು ಲೇಪನ. ಅದನ್ನು ಮಖಮಲ್ ಬಟ್ಟೆಯಿಂದ ಒಂದೇ ಕಡೆಗೆ ಉಜ್ಜಿ, ಅಂಥ ಎರಡು ಗಾಜುಗಳ ನಡುವೆ ದ್ರವ ತುಂಬಿದರೆ ಅಣುಗಳೆಲ್ಲ ಅದೇ ದಿಕ್ಕಿಗೆ ಮಲಗುತ್ತವೆ. ಚಿಕ್ಕಬಳ್ಳಾಪುರದ ನಮ್ಮ ಪ್ರಯೋಗಾಲಯದಲ್ಲಿ ಅವು ಮಲಗಲಿಲ್ಲ. ಸೂಕ್ಷ್ಮದರ್ಶಕದಡಿ ಒಂದೇ ಸಮನೆ ಕಪ್ಪಾಗಬೇಕಾದಲ್ಲಿ ಬಿಳಿ ಮಚ್ಚೆಗಳು.

ಗಾಜು ಉಜ್ಜುತ್ತಿದ್ದವಳು ಸಂಶೋಧನಾ ವಿದ್ಯಾರ್ಥಿನಿಯಾದ ನಾನು; ಲೇಪನ ಹಚ್ಚುತ್ತಿದ್ದವರು ಗೌರಿಬಿದನೂರಿನಿಂದ ಬರುತ್ತಿದ್ದ ಹಿರಿಯ ಸಹಾಯಕರು. ಪ್ರತಿ ವರ್ಷ ಗುತ್ತಿಗೆ ನವೀಕರಣಕ್ಕೆ ಕಾಯುವವರು. ಯಾರ ಲೋಪವೋ ಅವರೇ ಉತ್ತರಿಸಬೇಕೆಂಬುದು ನನ್ನ ಹಟ. ಲೇಪನವೇ ಕೆಟ್ಟಿದೆಯೆಂದು ಒಂದು ಪುಟ ಬರೆದು ಮುಖ್ಯಸ್ಥರಿಗೆ ಕೊಟ್ಟೆ. ಸೋಮವಾರದ ಸಭೆಯಲ್ಲಿ ಅವರ ಕೆಲಸದ ತೀರ್ಮಾನವಿತ್ತು.

ಭಾನುವಾರ ಶಿಡ್ಲಘಟ್ಟದ ಮನೆಯಲ್ಲಿ ಅದನ್ನೇ ದೂರುತ್ತಿದ್ದೆ. ಗೂಡಿನಿಂದ ನೂಲು ಬಿಚ್ಚುವುದರಲ್ಲೇ ಬೆರಳು ಸವೆಸಿದ ಅಮ್ಮ ಕೇಳಿದರು:

"ಯಾವ ಬಟ್ಟೆಲಿ ಉಜ್ಜಿದ್ಯೇ?"

"ಮಖಮಲ್ ಸವೆದಿತ್ತು. ನೀನು ಪೆಟ್ಟಿಗೆಲಿಟ್ಟಿದ್ದ ರೇಷ್ಮೆ ತುಂಡು ತಗೊಂಡು ಹೋಗಿದ್ದೆ. ಅಸಲಿ ರೇಷ್ಮೆ ಕಣಮ್ಮ!"

"ಅಯ್ಯೋ, ನಿನ್ನ ಓದಿಗಿಷ್ಟು! ಅದು ಕಚ್ಚಾ ನೂಲಿಂದು ಕಣೇ. ಸೋಪಿನ ನೀರಲ್ಲಿ ಬೇಯಿಸ್ದೆ ಅಂಟು ಹೋಗತ್ತಾ? ಗಾಜಿಗೆಲ್ಲ ಬಳಿದಿಟ್ಟಿದ್ದೀಯ. ಈ ಊರಲ್ಲಿ ಹುಟ್ಟಿ!"

ಸೋಮವಾರ ಮೊದಲ ಬಸ್ಸು ಹತ್ತಿದೆ. ಮಚ್ಚೆ ಬಿದ್ದ ಗಾಜುಗಳ ಜೊತೆಗೇ ಸಹಾಯಕರು ಲೇಪಿಸಿದ್ದವುಗಳಲ್ಲಿ ಎರಡು ಉಜ್ಜದೆ ಉಳಿದಿದ್ದವು. ಹಿಂದಿನ ಸಂಜೆ ಕೊಂಡ ಹೊಸ ಮಖಮಲ್ಲಿನಿಂದ ಉಜ್ಜಿ, ದ್ರವ ತುಂಬಿ, ಸೂಕ್ಷ್ಮದರ್ಶಕದಡಿ ತಿರುಗಿಸಿದೆ. ಅಂಚಿನಿಂದ ಅಂಚಿಗೆ ಕಪ್ಪು, ಒಂದು ಮಚ್ಚೆಯೂ ಇಲ್ಲ. ಕತ್ತಲೆಯನ್ನು ಕಂಡು ಅಷ್ಟು ಹಗುರಾದದ್ದು ಅದೇ ಮೊದಲು.

ಸಭೆ ಶುರುವಾಗುವ ಮುನ್ನ ದೂರನ್ನು ಹಿಂಪಡೆದು, ತಪ್ಪು ನನ್ನದೆಂದು ಬರೆದು ಸಹಿ ಹಾಕಿದೆ. ವಿದ್ಯಾರ್ಥಿನಿಯೊಬ್ಬಳ ಒಂದು ಪುಟಕ್ಕೆ ಒಬ್ಬರ ಅನ್ನವನ್ನು ನೇತುಹಾಕಿ, ಪರೀಕ್ಷಿಸಿ ನೋಡಲೂ ಮುಂದಾಗದವರು ಯಾರಿಗೆ ಉತ್ತರ ಕೊಡುತ್ತಾರೆ ಎಂದೂ ಅದರಲ್ಲೇ ಕೇಳಿದೆ. ಆ ಪ್ರಶ್ನೆಗೆ ಇವತ್ತಿಗೂ ಉತ್ತರವಿಲ್ಲ. ಗುತ್ತಿಗೆ ಮಾತ್ರ ಮಧ್ಯಾಹ್ನದೊಳಗೆ ನವೀಕರಣವಾಯಿತು.

ಪತ್ರದ ಪ್ರತಿಯನ್ನು ಸಹಾಯಕರ ಕೈಗಿತ್ತೆ. ಓದಿ, ಮಡಚಿ ಜೇಬಿಗಿಟ್ಟುಕೊಂಡರು.

"ಬಯ್ಯೋಕೂ ಕಾಗದ, ತಪ್ಪಾಯ್ತು ಅನ್ನೋಕೂ ಕಾಗದವೇನಮ್ಮ? ಬಾಯಿಲ್ವಾ ನಿಂಗೆ?"

"ತಪ್ಪಾಯ್ತು, ಸರ್."

"ಹಾಂ, ಬಿಡು. ನಾಳೆಗೆ ಎಷ್ಟು ಗಾಜು ಬೇಕು ಹೇಳು. ಬಟ್ಟೆ ಮಾತ್ರ ನಾನೇ ತರ್ತೀನಿ."