ಪರದೆಯ ಹಿಂದಿನ ಗಣಪತಿ

ಪರದೆಯ ಹಿಂದೆ ಗೆಜ್ಜೆಯ ಸದ್ದು ಥಟ್ಟನೆ ನಿಂತಿತಲ್ಲ — ಅದಕ್ಕೆ ಕಾರಣ ನಾನು. ಆ ಹಿತ್ತಾಳೆ ಗಣಪತಿಯನ್ನು ಅಲ್ಲಿ ಇಟ್ಟವಳು ನಾಗವೇಣಿಯಲ್ಲ, ನಾನು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಕಾನ್ವೆಂಟ್ ಹಾಸ್ಟೆಲ್ಲಿನಲ್ಲಿ ನಮ್ಮಿಬ್ಬರದೂ ಒಂದೇ ರೂಮು. ನಾನು ಭಟ್ಕಳದವಳು, ಅವಳು ಕುಮಟೆಯ ಒಳಗಿನ ಸಂತೆಗುಳಿಯವಳು; ಆಗ ಇಬ್ಬರೂ ಎಂಟನೇ ಕ್ಲಾಸು. ಸ್ಕೂಲ್ ಡೇಗೆಂದು ಸಿಸ್ಟರ್ ನಮ್ಮಿಂದ ಹಳೆಯ ಇಸ್ರೇಲಿನ ದೇವಾಲಯದ ಟ್ಯಾಬ್ಲೋ ಮಾಡಿಸಿದರು. ಒಳಕೋಣೆಗೆ ಪರದೆ; ಅದರ ಹಿಂದೆ ಚಿನ್ನದ ಕಾಗದ ಸುತ್ತಿದ ಪೆಟ್ಟಿಗೆ; ಪೆಟ್ಟಿಗೆಯ ಮೇಲೆ ಎದುರುಬದುರಾಗಿ ರೆಕ್ಕೆ ಚಾಚಿದ ಇಬ್ಬರು ದೇವದೂತರು. ರೆಕ್ಕೆಗಳ ನಡುವೆ — ಏನೂ ಇಲ್ಲ. "ದೇವರು ಇರುವುದು ಅಲ್ಲೇ. ಮೂರ್ತಿ ಇಲ್ಲ, ಪ್ರೆಸೆನ್ಸ್ ಮಾತ್ರ," ಎಂದಿದ್ದರು ಸಿಸ್ಟರ್. ಪ್ರಧಾನ ಯಾಜಕನ ನಿಲುವಂಗಿಯ ಅಂಚಿಗೆ ಗಂಟೆಗಳಿರುತ್ತಿದ್ದವಂತೆ. ಒಳಗೆ ಹೋದವನ ಸದ್ದು ಹೊರಗೆ ಕೇಳುತ್ತಿರಬೇಕಂತೆ. ನಾವು ಗೆಜ್ಜೆ ಹೊಲಿದೆವು. ಯಾಜಕನ ಪಾರ್ಟು ನಾಗವೇಣಿಯದು.

ನನಗೆ ಆ ಖಾಲಿ ಜಾಗ ನೋಡಲಾಗಲಿಲ್ಲ. ನಮ್ಮಲ್ಲಿ ಪರದೆ ಸರಿದರೆ ಒಳಗೆ ದೇವರು ಕಾಣಬೇಕು — ಹೂವು, ದೀಪ, ಮುಖ. ಏನೂ ಕಾಣದಿದ್ದರೆ ಕೈ ಮುಗಿಯುವುದು ಯಾವುದಕ್ಕೆ? ಅಜ್ಜಿ ಕೊಟ್ಟ ಗಣಪತಿ ನನ್ನ ಟ್ರಂಕಿನಲ್ಲಿತ್ತು. ಸ್ಕೂಲ್ ಡೇಯ ಹಿಂದಿನ ರಾತ್ರಿ ಅದನ್ನು ರೆಕ್ಕೆಗಳ ನಡುವೆ ಕೂರಿಸಿ, ಎದುರಿಗೊಂದು ದಾಸವಾಳ ಇಟ್ಟೆ.

ಮರುದಿನ ಗೆಸ್ಟುಗಳ ಎದುರು ನಾಗವೇಣಿ ಪರದೆಯೊಳಗೆ ಹೋದಳು. ಝಲ್, ಝಲ್ — ಮತ್ತೆ ಸದ್ದೇ ಇಲ್ಲ. ಸಿಸ್ಟರ್ ಪರದೆ ಎತ್ತಿದರು. ಸಭೆಯಲ್ಲಿ ಯಾರೋ ಗೊಳ್ಳೆಂದು ನಕ್ಕರು.

"ಯಾರದಿದು?"

ದಿನಾ ಬೆಳಿಗ್ಗೆ ಕಿಟಕಿಯಲ್ಲಿ ದಾಸವಾಳ ಇಟ್ಟು ಕೈ ಮುಗಿಯುತ್ತಿದ್ದವಳು ನಾಗವೇಣಿ. ಎಲ್ಲರೂ ಅವಳನ್ನೇ ನೋಡಿದರು.

"ನಂದಲ್ಲ ಸಿಸ್ಟರ್, ದೇವ್ರಾಣೆ."

ಸಿಸ್ಟರ್ ನನ್ನ ಕಡೆ ತಿರುಗಿದರು. "ನೀನು ಕ್ಲಾಸ್ ಲೀಡರ್, ಅವಳ ರೂಮೇಟ್. ಟೆಲ್ ಮಿ ದ ಟ್ರೂತ್. ಇದು ಅವಳದಾ?"

"ಯೆಸ್, ಸಿಸ್ಟರ್."

ಹೆದರಿ ಹೇಳಿದೆ ಅನ್ನಬಹುದು. ಇಲ್ಲ — ಒಂದು ಕ್ಷಣ ಯೋಚಿಸಿಯೇ ಹೇಳಿದೆ.

ಗಣಪತಿ ಯಾರದೆಂದು ನಾಗವೇಣಿಗೆ ಗೊತ್ತಿತ್ತು. ನನ್ನನ್ನು ನೋಡಿದಳು, ಬಾಯಿ ಬಿಡಲಿಲ್ಲ. ಹಾಸ್ಟೆಲ್ಲಿನಿಂದ ಅವಳನ್ನು ಬಿಡಿಸಿದರು, ಅವಳ ಅಪ್ಪ ಬಂದು ಕರೆದುಕೊಂಡು ಹೋದ. ಸಂತೆಗುಳಿಯಿಂದ ದಿನಾ ಹೈಸ್ಕೂಲಿಗೆ ಹೋಗಿಬರುವ ಅನುಕೂಲ ಆಗ ಇರಲಿಲ್ಲ. ಅವಳ ಓದು ಅಲ್ಲಿಗೇ ನಿಂತಿತು. ನಾನು ಟೀಚರ್ ಆದೆ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಿದೆ — ಹೌದು, ಕಲಿಸಿದೆ.

ರಿಟೈರ್ ಆದಮೇಲೆ ಆ ದೇವಾಲಯದ ಬಗ್ಗೆ ಓದುತ್ತ ಕೂತೆ. ಆ ಜನಕ್ಕೆ ರೆಕ್ಕೆಗಳ ನಡುವಿನ ಬರಿ ಜಾಗವೇ ದೇವರ ಪೀಠ. ಅಲ್ಲಿ ನಮಗೆ ಕಾಣುವುದಕ್ಕೆ ಏನೂ ಇಲ್ಲ. ಅಲ್ಲಿರುವವನಿಗೆ ನಾವು ಕಾಣುತ್ತೇವೆ. ಹಾಗಾದರೆ ಅಂದು, ಯಾರೂ ಇಲ್ಲವೆಂದು ನಾನು ತಿಳಿದ ಆ ಜಾಗದ ಎದುರಿಗೇ ನಿಂತು, ಆ ಮಾತನ್ನು ನಾನು — ನಾಚಿಕೆಯಿಂದ ಈಗಲೂ ಮೈ ಹಿಡಿಯಾಗುತ್ತದೆ.

ಕಳೆದ ವರ್ಷ, ಅವಳಿಗೆ ಹೇಳಿಯೇಬಿಡಬೇಕೆಂದು, ಕುಮಟೆಯಲ್ಲಿ ಸಂತೆಗುಳಿ ದಾರಿಯ ಬಸ್ ಹತ್ತಿದೆ. ಕಾಲಿಡಲು ಜಾಗವಿಲ್ಲ. ಕಿಟಕಿಯ ಸೀಟಿನಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಳು — ಅವಳೇ.

"ಅಯ್ಯಬ್ಬ, ಸುಮತಿ ಅಲ್ವನೇ! ಎಂತ ಮಾರಾಯ್ತಿ, ಟೀಚರ್ ಆದ್ಯಂತೆ, ಮಕ್ಕಳಿಗೆ ಹೊಡ್ದೂ ಹೊಡ್ದೂ ಸವ್ದೇ ಹೋದ್ಯಲ್ಲೆ! ಎಲ್ಲಿಗೆ ಹೊರಟೆ?"

"ಇಲ್ಲೇ... ಒಂದು ಮದುವೆಗೆ."

"ಆತು, ಬಾ, ಕುತ್ಕೊ. ನಂಗೆ ನಿಂತು ರೂಢಿ."

ಎದ್ದು ಸೀಟು ಬಿಟ್ಟುಕೊಟ್ಟಳು. ನಾನು ಕೂತೆ. ಅವಳು ಕಂಬಿ ಹಿಡಿದು ದಾರಿಯುದ್ದಕ್ಕೂ ನಿಂತಿದ್ದಳು. ಸಂತೆಗುಳಿ ಬಂತು. ಇಳಿದವಳು ಕಿಟಕಿಯ ಕೆಳಗೆ ಬಂದು ಕೈಬೀಸಿದಳು. ಬಸ್ಸು ಮುಂದಿನ ಊರಿಗೆ ಹೊರಟಿತು. ನಾನು ಅವಳ ಸೀಟಿನಲ್ಲಿ ಕೂತೇ ಇದ್ದೆ.