ಇದ್ದಿಲು ಹಿಡಿಯದ ಕೆಂಪು

ಅಡಿಕೆ ಬೇಯಿಸುವ ಮನೆಯಲ್ಲಿ ಹುಟ್ಟಿದವಳಿಗೆ ಕೆಂಪು ಬಣ್ಣದ ವಿಷಯದಲ್ಲಿ ಯಾರೂ ಟೋಪಿ ಹಾಕಲಾರರು ಅಂತ ನನಗೊಂದು ಜಂಬವಿತ್ತು. ಅದನ್ನು ಇಳಿಸಿದವರು ಹೊರಗಿನವರಲ್ಲ, ನಮ್ಮವ್ವ ಮತ್ತು ದೊಡ್ಡಮ್ಮ.

ನನ್ನ ಸಂಸಾರ ನ್ಯಾಮತಿಯಲ್ಲಿ, ಕೆಮಿಸ್ಟ್ರಿ ಪಾಠ ಮಾಡುವುದು ಹೊನ್ನಾಳಿಯ ಕಾಲೇಜಿನಲ್ಲಿ, ತವರು ಬಸವಾಪಟ್ಟಣ. ತವರಿನ ಹಿತ್ತಲಲ್ಲಿ ಅಡಿಕೆ ಬೇಯಿಸುವ ಶೆಡ್ಡು ಇದೆ. ಸೀಸನ್ನಿನಲ್ಲಿ ಅದು ಅವ್ವ, ದೊಡ್ಡಮ್ಮ ಇಬ್ಬರ ರಾಜ್ಯ. ಅಪ್ಪನೂ ಕೇಳಿಯೇ ಒಳಗೆ ಕಾಲಿಡಬೇಕು. ಅಡಿಕೆ ಬೆಂದು ಬಿಡುವ ಕಂದುಗೆಂಪು ರಸಕ್ಕೆ ಚೊಗರು ಅಂತಾರೆ. ಗಟ್ಟಿ ಚೊಗರನ್ನು ಅಡಿಕೆಗೆ ಬಣ್ಣ ಕೊಡಲು ಎತ್ತಿಟ್ಟುಕೊಂಡು, ಹಂಡೆ ತೊಳೆದ ನೀರನ್ನು ಚರಂಡಿಗೆ ಬಿಡುತ್ತಿದ್ದರು. ಅದು ಬೀದಿಯುದ್ದಕ್ಕೂ ನಿಂತು ನಾರುತ್ತಿತ್ತು.

ಆ ನೀರನ್ನು ಸೋಸಿ ಬಳಸುವ ಉಪಾಯ ಹುಡುಕಿದೆ. ಚನ್ನಗಿರಿ ರಸ್ತೆಯ ಬದಿಗೆ ಸುರಿದು ಬೆಂಕಿ ಇಡುತ್ತಾರಲ್ಲ, ಆ ಅಡಿಕೆ ಸಿಪ್ಪೆಯನ್ನೇ ತಂದು, ಗಾಳಿಯಾಡದ ಡಬ್ಬಿಯಲ್ಲಿ ಸುಟ್ಟು ಇದ್ದಿಲು ಮಾಡಿದೆ. ಪುಡಿ ಮಾಡಿ, ತೊಳೆದು, ಮರಳಿನ ಜೊತೆ ಪದರ ಪದರವಾಗಿ ಶೆಡ್ಡಿನ ಪಕ್ಕದ ಡ್ರಮ್ಮಿಗೆ ತುಂಬಿದೆ. ಹಿಟ್ಟು ಕಲೆಸಿದ ಕೈಗೆ ಹಿಟ್ಟು ಮೆತ್ತಿಕೊಳ್ಳುವ ಹಾಗೆ ನೀರಿನ ಬಣ್ಣ ಇದ್ದಿಲಿಗೆ ಮೆತ್ತಿಕೊಳ್ಳುತ್ತದೆ. ಮೊದಲು, ಅವ್ವ ಬಾಟಲಿಗೆ ತುಂಬಿಸಿಕೊಟ್ಟ ಹಂಡೆ ನೀರನ್ನು ಕಾಲೇಜಿನ ಲ್ಯಾಬಿನಲ್ಲಿ ಸೋಸಿ, ಪರೀಕ್ಷೆ ಮಾಡಿ ನೋಡಿದೆ. ಚೊಕ್ಕವಾಗಿತ್ತು. ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುವ ಬೀದಿ ನಮ್ಮದು. ಡ್ರಮ್ಮಿನಲ್ಲಿ ಸೋಸಿದ ನೀರನ್ನು ದನಕ್ಕೆ ಕುಡಿಸಬಹುದು, ಹೊಣೆ ನನ್ನದು, ಅಂತ ಮನೆಮನೆಗೂ ಹೇಳಿದೆ. ಮೇಡಂ ಹೇಳಿದ್ದಾರೆ ಅಂತ ಎಲ್ಲರೂ ಕೊಡ ಹಿಡಿದು ಬಂದರು. ನನಗಂತೂ ನೆಲ ಕಾಣಲಿಲ್ಲ.

ಮೂರನೇ ವಾರ ಊರಿಗೆ ಹೋದಾಗ, ಡ್ರಮ್ಮಿನ ನೀರನ್ನು ಬಿಳಿ ಪಿಂಗಾಣಿ ಬಟ್ಟಲಿಗೆ ಹಿಡಿದೆ. ತೆಳುವಾಗಿ ಗುಲಾಬಿ ಬಣ್ಣ. ಇದ್ದಿಲಿಗೆ ಸಾಕಾಗಿ ಚೊಗರು ಸೋರುತ್ತಿದೆ ಅಂದುಕೊಂಡೆ. ಚೊಗರಲ್ಲವೇ, ದನಕ್ಕೇನೂ ಆಗದು ಅಂತ ಸಮಾಧಾನ ಮಾಡಿಕೊಂಡು ಹೊಸ ಇದ್ದಿಲು ತುಂಬಿದೆ. ಮುಂದಿನ ವಾರವೂ ಗುಲಾಬಿ. ಅದರ ಮುಂದಿನ ವಾರವೂ ಅಷ್ಟೇ.

"ನಿನ್ನ ಇದ್ದಿಲೇ ಸರಿಯಾಗಿ ಸುಟ್ಟಿಲ್ಲ ಕಣವ್ವ," ಅಂದರು ದೊಡ್ಡಮ್ಮ. "ಓದಿದೋರಿಗೆ ಒಲೆ ಹಚ್ಚಾಕೆ ಎಲ್ಲಿ ಬರ್ತೈತೆ?"

ನಾನೂ ನಕ್ಕೆ. ಅವ್ವ ನನಗೆ ಬಿಸಿ ಚಹಾ ಕೊಟ್ಟು, ಪಕ್ಕದಲ್ಲೇ ಕೂತು ಇದ್ದಿಲು ತೊಳೆಯಲು ಕೈಜೋಡಿಸಿದಳು. ನಾಲ್ಕು ಭಾನುವಾರ ನಾವಿಬ್ಬರೂ ಮೊಣಕೈವರೆಗೆ ಕಪ್ಪು ಮಾಡಿಕೊಂಡು ಕೂತಿದ್ದೆವು. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಇದು ಚೊಗರೇನಾ ಅಂತ ಅನುಮಾನ ಬಂದು ಆ ನೀರನ್ನೂ, ಶೆಡ್ಡಿನ ಮೂಲೆಯ ಗಡಿಗೆಯಲ್ಲಿ ಉಳಿದಿದ್ದ ಹೋದ ಸೀಸನ್ನಿನ ಚೊಗರನ್ನೂ ನ್ಯಾಮತಿಗೆ ಒಯ್ದೆ. ಜಗಳೂರಿನಿಂದ ತಂದಿದ್ದ ಕಂಬಳಿಯ ಬಿಳಿ ಅಂಚಿನಿಂದ ಎರಡು ಎಳೆ ಉಣ್ಣೆ ಕಿತ್ತು, ನಿಂಬೆರಸ ಹಿಂಡಿ ಬೇರೆ ಬೇರೆ ಕುದಿಸಿದೆ. ಹುಳಿ ಸಿಕ್ಕರೆ ಉಣ್ಣೆ ಅಂಗಡಿಯಲ್ಲಿ ಸಿಗುವ ಕೃತಕ ಬಣ್ಣವನ್ನು ಕಚ್ಚಿ ಹಿಡಿಯುತ್ತದೆ. ಚೊಗರಿನ ಎಳೆ ಮಂಕಾದ ಕಂದು ಆಯಿತು. ಡ್ರಮ್ಮಿನ ನೀರಿನ ಎಳೆ ಕುಂಕುಮದಷ್ಟು ಕೆಂಪಾಯಿತು. ಸೋಪು ಹಾಕಿ ಉಜ್ಜಿದರೂ ಬಿಡಲಿಲ್ಲ. ನನ್ನ ಸಿಪ್ಪೆ ಇದ್ದಿಲು ಚೊಗರನ್ನು ಪೂರ್ತಿ ಹಿಡಿದಿತ್ತು. ಈ ಬಣ್ಣ ಮಾತ್ರ ಅದಕ್ಕೆ ದಕ್ಕದೆ ದಾಟಿ ಬರುತ್ತಿತ್ತು.

ಮಾರನೇ ದಿನವೇ ಬಸ್ಸು ಹತ್ತಿದೆ. ಕೆಂಪು ಎಳೆಯನ್ನು ದೊಡ್ಡಮ್ಮನ ಮುಂದೆ ಹಿಡಿದೆ. ಅವರು ಅದನ್ನು ನೋಡಲೂ ಇಲ್ಲ.

"ಕಲರ್ ಕಮ್ಮಿ ಅಂತ ಮಂಡಿಯೋರು ನಮ್ಮಡಿಕೆ ವಾಪಸ್ ಕಳಿಸಿದ್ರು. ಹಂಡೆಗೆ ಒಂದು ಚಿಟಿಕೆ ಬಣ್ಣದ ಪುಡಿ ಹಾಕಿದ್ವಿ. ಅದ್ಕೆ ಯಾಕಿಷ್ಟು ರಂಪ? ನಿಮ್ಮವ್ವಂಗೂ ಗೊತ್ತೈತೆ, ಕೇಳು."

ಅವ್ವ ಹೊಸಿಲ ಬಳಿ ಅವರೆಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಲಿಲ್ಲ.

"ಹೇಳಿದ್ರೆ ನೀ ಸುಮ್ನಿರ್ತಿದ್ದೇನು?" ಅಂದಳು.

"ಲ್ಯಾಬಿಗೆ ಕೊಟ್ಟೆಯಲ್ಲ, ಆ ನೀರು?"

"ಅದು ಪುಡಿ ಹಾಕೋ ಹಂಡೇದಲ್ಲ. ಬೇರೆ ಹಂಡೇದು."

"ಅವ್ವ, ಬೀದಿಯ ದನವೆಲ್ಲ ಕುಡಿತಾ ಐದಾವಲ್ಲ! ನಮ್ಮ ಹಸು?"

"ನಮ್ಮ ಹಸೂಗೆ ಒಂದಿನಾನೂ ಕುಡಿಸಿಲ್ಲ," ಅಂದಳು, ನನಗೆ ಧೈರ್ಯ ಹೇಳುವವಳ ಹಾಗೆ. "ಅದಕ್ಕೆ ನಲ್ಲಿ ನೀರೇ ಹಾಕಿರೋದು."

ಅಲ್ಲೇ ಕಟ್ಟೆಯ ಮೇಲೆ ಕೂತೆ. ಬಣ್ಣ ಹಾಕಿದ್ದಕ್ಕಿಂತ ಈ ಮಾತಿಗೆ ನನ್ನ ಎದೆ ಒಡೆಯಿತು. ನನ್ನ ಮಾತು ನಂಬಿ ಬೀದಿಯವರು ಕೊಡ ತುಂಬಿಕೊಂಡು ಹೋಗುವುದನ್ನು ಇವಳು ದಿನಾ ನೋಡಿದ್ದಾಳೆ, ಬೆಳಿಗ್ಗೆ ಎದ್ದು ನಮ್ಮ ಹಸುವಿಗೆ ಮಾತ್ರ ಬೇರೆ ಬಕೆಟ್ ಇಟ್ಟಿದ್ದಾಳೆ. ನನ್ನನ್ನು ಹೆತ್ತವಳು ಇವಳೇನಾ ಅನಿಸಿತು. ಅಳು ಬಂತು. ಸಿಟ್ಟಿಗೆ ಅತ್ತುಬಿಟ್ಟೆ.

ಡ್ರಮ್ಮಿನ ನಲ್ಲಿ ತಿರುಗಿಸಿ ಕಿತ್ತುಹಾಕಿ, ಚಪ್ಪಲಿ ಮೆಟ್ಟಿಕೊಂಡೆ. ಅವ್ವ ಮೊರ ಬಿಟ್ಟು ಎದ್ದು ಬಂದಳು. ಕೈ ಹಿಡಿದುಕೊಂಡಳು.

"ಹೇಳಾಕೆ ಹೊಂಟಿದ್ರೆ ನಿನ್ನ ಇದ್ದಿಲಿಂದೇ ತಪ್ಪು ಅಂದುಬಿಡು. ನೀನು ಊರು ಬಿಟ್ಟೋಳು, ನಿಂಗೇನಾಗ್ತೈತೆ? ನಾವು ಇಲ್ಲೇ ಬಾಳ್ಬೇಕು."

ಕೈ ಬಿಡಿಸಿಕೊಂಡೆ. ಮೊದಲನೇ ಮನೆಯವರು ಆಗಷ್ಟೇ ಎಮ್ಮೆಯ ಮುಂದೆ ಬಾನಿ ಇಡುತ್ತಿದ್ದರು.

"ಕುಡಿಸಬೇಡ್ರಿ. ನೀರಿನಾಗೆ ಬಣ್ಣದ ಪುಡಿ ಐತೆ," ಅಂದೆ.

"ಅಯ್ಯೋ, ಎಲ್ಲಿಂದ ಬಂತ್ರೀ ಮೇಡಂ?"

ತಿರುಗಿ ನೋಡಿದೆ. ಅವ್ವ ಇನ್ನೂ ಬಾಗಿಲಲ್ಲೇ ನಿಂತಿದ್ದಳು.

"ನಮ್ಮ ಮನೆಯಿಂದ," ಅಂದೆ.