ಓನರ್ ಗೌರಮ್ಮ
ಇಟ್ಟಮಡುವಿಗೆ ಬಾಡಿಗೆ ಮನೆ ಹುಡುಕಿಕೊಂಡು ಬರುವ ಹೊಸ ಜೋಡಿಗಳು ನಮ್ಮ ಓನರ್ ಗೌರಮ್ಮನ ಪರೀಕ್ಷೆಗೆ ಕೂರಲೇಬೇಕು. ಬೇರೆ ಓನರ್‌ಗಳು ಜಾತಿ ಕೇಳುತ್ತಾರೆ, ಮೊಟ್ಟೆ ತಿನ್ನುತ್ತೀರಾ ಎಂದು ಕೇಳುತ್ತಾರೆ. ಗೌರಮ್ಮ ಅದೊಂದನ್ನೂ ಕೇಳುವವರಲ್ಲ. ಇಲ್ಲಿಯ ನೀರು ಎಷ್ಟು ಸಿಹಿ, ಗಾಳಿ ಎಷ್ಟು ತಂಪು ಎಂದು ಇಡೀ ಬಡಾವಣೆಯನ್ನು ತಾವೇ ಹೆತ್ತಂತೆ ಹೊಗಳಿ, ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚುವ ಮೊದಲು ಗಂಡನತ್ತ ತಿರುಗುತ್ತಾರೆ: "ಸಾಯಂಕಾಲ ಬಂದು ಒಲೆ ಹಚ್ಚೋರು ಯಾರಪ್ಪಾ? ಅವ್ರ ಆಫೀಸ್ ಎಲ್ಲೈತೆ?" ಎಷ್ಟೋ ಗಂಡಂದಿರಿಗೆ ಅಲ್ಲೇ ಕೆಮ್ಮು ಬಂದಿದೆ. ಮೊನ್ನೆ ಕೆಲಸಕ್ಕೆಂದು ಶಿವಮೊಗ್ಗದಿಂದ ಹೆಂಡತಿ ತನ್ಮಯಿಯ ಜೊತೆ ಬಂದ ಮಯೂರ್, "ಅಡುಗೆ ಎಲ್ಲಾ ತನ್ಮಯೀನೇ ಆಂಟಿ. ಅವಳ ಆಫೀಸ್ ದೂರ, ಹುಳಿಮಾವಲ್ಲಿ; ನಂದು ಇಲ್ಲೇ ಪಕ್ಕದಲ್ಲಿ," ಎಂದ. "ಹಂಗಾದ್ರೆ ಹುಳಿಮಾವಲ್ಲೇ ಮನೆ ನೋಡ್ಕೊ. ಬಸ್ಸಲ್ಲಿ ನೀನು ನೇತಾಡು." ಮಹಡಿ ಮನೆ ಯುಗಾದಿಯಿಂದ ಖಾಲಿ ಬಿದ್ದಿದ್ದರೂ ಅವರು ಕೊಡಲೊಲ್ಲರು. "ಇದೇನ್ ರೂಲ್ಸ್ ಆಂಟಿ?" ಎಂದು ಅವನು ನಕ್ಕ. ಗೌರಮ್ಮ ನಗಲಿಲ್ಲ. "ನಮ್ಮ ಮಾವ ಹೊಲದ ಪಕ್ಕಾನೇ ಮನೆ ಕಟ್ಟಿದ್ರು, ಗಂಡಸ್ರಿಗೆ ನಡಿಗೆ ಕಮ್ಮಿಯಾಗ್ಲಿ ಅಂತ. ಬಾವಿ ಊರಿನ ಆ ತುದೀಲಿತ್ತು. ನೀರು ಹೊರೋಳ್ನ ಯಾರೂ ಕೇಳ್ಲಿಲ್ಲ ಕಣಪ್ಪ." ತನ್ಮಯಿಯೇ ಕೇಳಿದಳು: "ಹುಳಿಮಾವಲ್ಲಿ ನಿಮಗೆ ಗೊತ್ತಿರೋರ ಮನೆ ಇದ್ಯಾ ಆಂಟಿ?" "ನನ್ ತಂಗೀದೇ ಐತಲ್ಲವ್ವಾ!" ಗೌರಮ್ಮ ಹೆಮ್ಮೆಯಿಂದ ಫೋನ್ ಎತ್ತಿಕೊಂಡು ಮಯೂರನನ್ನು ನೋಡಿದರು. "ನೀನು ಹುಷಾರಾಗಿರು. ಅವಳು ನನ್ನಂಗಲ್ಲ, ನಿಂಗ್ಯಾಕೆ ಅಡುಗೆ ಬರಲ್ಲ ಅಂತಾನೂ ಕೇಳ್ತಾಳೆ."